ಗೀರು ಬೀಳದ ಮೇಜು

ದೊಡ್ಡ ಮೇಸ್ತ್ರಿಯ ಮಗಳು ದವಾಖಾನೆಯ ಮೆಟ್ಟಿಲು ಹತ್ತಿ ಬಂದಾಗ ಕಂಪೌಂಡರ್ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಅವಳ ಮುಖ ನೋಡಿ ಮತ್ತೆ ಮುಚ್ಚಿದ. ನರ್ಸಮ್ಮನನ್ನು ಹುಡುಕಿಕೊಂಡು ಹೀಗೆ ಯಾರಾದರೂ ಬಂದರೆ ಆ ದಿನದ ಊಟಕ್ಕೆ ಎಳ್ಳುನೀರು ಬಿಟ್ಟಂತೆಯೇ ಎಂಬುದು ಅವನ ಇಪ್ಪತ್ತು ವರ್ಷದ ಅನುಭವ. ಪೊಲೀಸರಿಗೆ ಹೇಳಲಾಗದ್ದನ್ನೆಲ್ಲ ಜನ ನರ್ಸಮ್ಮನ ಮುಂದೆ ತಂದು ಸುರಿಯುತ್ತಿದ್ದರು. ಅವರು ಕೇಳಿಕೊಂಡು ಎದ್ದು ಹೊರಟರೆ, ಚೀಲ ಹೊರುವ ಪಾಳಿ ಕಂಪೌಂಡರನದು.

"ಸಂಜೆಯೊಳಗೆ ಮನೆ ಬಿಟ್ಟು ಹೋಗಿ ಅಂದಿದ್ದಾರೆ ಅಪ್ಪ," ಎಂದಳು ಮಗಳು. "ಅಣ್ಣನ ಕೈ ಹೋಗಿದ್ದು ನನ್ನ ಗಂಡನಿಂದ ಅಂತೆ. ಮೇಜಿನ ಬೋಲ್ಟ್ ಬಿಗಿ ಮಾಡದೆ ಬಿಟ್ಟರಂತೆ. ಇವರು ಬಿಗಿ ಮಾಡಿದ್ದೆ ಅಂತಾರೆ, ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲ್ಲ. ನಾನು ಗಂಟು ಕಟ್ಟಬಹುದು ನರ್ಸಮ್ಮ. ಆದರೆ ಯಾರ ಜೊತೆ ಹೋಗ್ತಾ ಇದ್ದೀನಿ ಅಂತ ನನಗೆ ಗೊತ್ತಾಗಬೇಕು."

ನರ್ಸಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ಮೊನ್ನೆ ಬೆಳಿಗ್ಗೆ ಅವಳ ಅಣ್ಣನ ಬಲಗೈಯ ಮೂರು ಬೆರಳು ತೆಗೆಯುವಾಗ ಡಾಕ್ಟರ ಪಕ್ಕ ನಿಂತಿದ್ದವರು ಅವರೇ.

ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಮರಗೆಲಸದ ಶಾಲೆಯೊಂದಕ್ಕೆ ನಲವತ್ತು ಕೆಲಸದ ಮೇಜು ಬೇಕಾಗಿದ್ದವು. ಬಡಗಿಗಳಾದ ಮಾವನೂ ಅಳಿಯನೂ ಒಂದೊಂದು ಮಾದರಿ ಇಟ್ಟಿದ್ದರು. ಮೊನ್ನೆ ಹನ್ನೊಂದಕ್ಕೆ ಶಾಲೆಯ ಮೇಡಂ ಬಂದು ಆರಿಸುವುದೆಂದು ಗೊತ್ತಾಗಿತ್ತು. ಬೆಳಕು ಹರಿಯುವ ಹೊತ್ತಿಗೇ ಅಳಿಯನ ಮೇಜು ಕುಸಿದು, ಅದರ ಮೇಲಿದ್ದ ದಿಮ್ಮಿ ಮಗನ ಕೈ ಜಜ್ಜಿತ್ತು. ಮೇಡಂ ಬಂದರು, ಕುಸಿದದ್ದನ್ನು ನೋಡಿದರು, ಮಾವನ ಮೇಜನ್ನೇ ಆರಿಸಿ ಪತ್ರ ಕೊಟ್ಟು ಹೋದರು.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ?" ಎಂದು ಕಂಪೌಂಡರ್ ದಾರಿಯುದ್ದಕ್ಕೂ ಗೊಣಗಿದ. "ಅಳಿಯ ಅವಸರದ ಮನುಷ್ಯ. ಮರೆತಿರ್ತಾನೆ."

"ಇರಬಹುದು. ನೀವು ಚೀಲ ಸರಿಯಾಗಿ ಹಿಡ್ಕೊಳಿ," ಎಂದರು ನರ್ಸಮ್ಮ.

ಮೇಸ್ತ್ರಿಯ ಕಾರ್ಖಾನೆಯ ಕಿಟಕಿಯ ಪಕ್ಕ ಮಾವನ ಮೇಜು ನಿಂತಿತ್ತು. ಅಂಗೈ ಅಗಲದಷ್ಟು ದಪ್ಪದ ಗಟ್ಟಿ ಹಲಗೆ, ಕಾಲುಗಳನ್ನು ತೂತಿಗೆ ಕೂರಿಸಿ ಬೆಣೆ ಹೊಡೆದ ಕೀಲುಗಳು, ಹುಡುಕಿದರೂ ಒಂದು ಮೊಳೆ ಇಲ್ಲ. ಇಂಥದ್ದೊಂದಕ್ಕೆ ಆರು ದಿನ ಹಿಡಿಯುತ್ತದೆ. ಈ ಮಾದರಿಯ ಕೀಲು ಕೊರೆದವನು ಮಗ. ಅಪ್ಪನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಎದುರು ಗೋಡೆಗೆ ಅಳಿಯನ ಮೇಜು ಒಂದು ಪಕ್ಕಕ್ಕೆ ಮಂಡಿಯೂರಿತ್ತು. ಪ್ಲೈವುಡ್ ಅಂಟಿಸಿದ ಹಲಗೆ, ಬೋಲ್ಟ್ ಹಾಕಿದ ಕಾಲುಗಳು, ಎರಡೇ ದಿನದ ಕೆಲಸ, ಬೇಕೆಂದಾಗ ಬಿಚ್ಚಿ ಒಯ್ಯಬಹುದು. ಮಗನಿಗೆ ತನ್ನದೆಂದು ಮೇಜೇ ಇರಲಿಲ್ಲ. ಹದಿನೈದು ವರ್ಷ ಅಪ್ಪನದರ ಮೇಲೆಯೇ ಕೆಲಸ ಮಾಡಿದ್ದ.

"ಮೇಜು ಅಂದರೆ ಬಡಗಿಯ ಬೆನ್ನುಮೂಳೆ," ಎಂದರು ದೊಡ್ಡ ಮೇಸ್ತ್ರಿ. "ಅದಕ್ಕೆ ಯಾರಾದರೂ ನಟ್ಟು ಹಾಕ್ತಾರಾ? ಕಬ್ಬಿಣ ಮರಾನ ತಿನ್ನುತ್ತೆ ಅಂತ ಬಡ್ಕೊಂಡೆ, ಕೇಳಿದನಾ?" ಮಾತಾಡುತ್ತಲೇ ಅವರು ಹಲಗೆಯೊಂದನ್ನು ಕದಲದಂತೆ ಕಬ್ಬಿಣದ ಕ್ಲಾಂಪಿನಿಂದ ಬಿಗಿಯುತ್ತಿದ್ದರು. ಮರಕ್ಕೆ ಕಬ್ಬಿಣ ತಾಗದಂತೆ ನಡುವೆ ಒಂದು ತೊಗಲಿನ ತುಂಡನ್ನು ಇಡುವುದು ಮರೆಯಲಿಲ್ಲ.

ನರ್ಸಮ್ಮ ಕುಸಿದ ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಎಡಗಡೆಯ ನಟ್ಟುಗಳು ಬಿಗಿಯಾಗಿದ್ದವು. ಬಲಗಡೆಯ ನಾಲ್ಕರಲ್ಲಿ ಎರಡು ನೆಲದ ಮೇಲೆ, ಎರಡು ಬೋಲ್ಟಿನ ತುದಿಯಲ್ಲಿ. ಎಲ್ಲ ನಟ್ಟುಗಳ ಸುತ್ತಲೂ ಸ್ಪ್ಯಾನರ್ ಉಜ್ಜಿದ ಗೀರುಗಳಿದ್ದವು, ಆದರೆ ಎಲ್ಲವೂ ವಾರ್ನಿಶ್ಶಿನ ಅಡಿಯಲ್ಲಿ.

"ವಾರ್ನಿಶ್ ಯಾವಾಗ ಬಳಿದಿದ್ದು?"

"ಹಿಂದಿನ ದಿನ ಮಧ್ಯಾಹ್ನ, ನಟ್ಟು ಬಿಗಿ ಮಾಡಿದ ಮೇಲೆ," ಎಂದ ಅಳಿಯ. "ಮೇಡಂಗೆ ಚಂದ ಕಾಣಲಿ ಅಂತ. ಇಲ್ಲದಿದ್ದರೆ ನಾನು ಬಳಿಯೋನೇ ಅಲ್ಲ."

"ಗೀರು ಬಿದ್ದರೆ ಬೇಜಾರಾಗಲ್ವಾ?"

"ಮೇಜು ಇರೋದೇ ಪೆಟ್ಟು ತಿನ್ನೋಕೆ ನರ್ಸಮ್ಮ."

ಅವರು ಚೀಲದಿಂದ ಚಿಮುಟ ತೆಗೆದು, ಬಿಚ್ಚಿಹೋದ ನಟ್ಟಿನ ಜಾಗದ ಸುತ್ತ ವಾರ್ನಿಶ್ಶಿಗೆ ಅಂಟಿದ್ದ ಕಂದು ಎಳೆಗಳನ್ನು ಹತ್ತಿಯ ಮೇಲೆ ಇಟ್ಟುಕೊಂಡರು. ಆಮೇಲೆ ಕಾಲುಗಳ ಬುಡದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ನಾಲ್ಕು ಮರದ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ನಾಲ್ಕೂ ಒಂದೇ ದಪ್ಪ, ನೀಟಾಗಿ ಕೀಸಿದವು.

"ಇವು ಯಾಕೆ?" ಎಂದು ಕೇಳಿದರು. ಅಳಿಯ ನೆಲ ನೋಡಿದ.

ನರ್ಸಮ್ಮ ಕಂಪೌಂಡರನ ಕಡೆ ತಿರುಗಿ, "ಮೇಸ್ತ್ರಿ ಮಗ ಬೆನ್ನುನೋವಿನ ಮುಲಾಮಿಗೆ ಕೊನೇ ಸಲ ಬಂದಿದ್ದು ಯಾವಾಗ?" ಎಂದರು.

ಕಂಪೌಂಡರನಿಗೆ ಇದು ಯಾವ ಸೀಮೆಯ ಪ್ರಶ್ನೆಯೋ ಅನ್ನಿಸಿತು. "ವಾರಕ್ಕೊಂದು ಡಬ್ಬಿ ಒಯ್ತಾ ಇದ್ದ, ವರ್ಷಗಟ್ಟಲೆ. ಈಗ ಎರಡು ತಿಂಗಳಿಂದ ಬಂದಿಲ್ಲ."

"ಈ ಮೇಜು ಮಾಡಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು," ಎಂದಳು ಮಗಳು.

ನಾಲ್ಕು ಗಂಟೆಗೆ ಎಲ್ಲರನ್ನೂ ಅಲ್ಲೇ ಕೂರಿಸಿದರು. ಮಗ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದ. ಅಳಿಯನಿಗಿಂತ, ಅಪ್ಪನಿಗಿಂತ ಒಂದು ಗೇಣು ಎತ್ತರದ ಆಳು, ಮುದುಕನ ಹಾಗೆ ಜಾಗ್ರತೆಯಿಂದ ಕೂತ. ಕಂಪೌಂಡರನಿಗೆ ಅವನ ಕಡೆ ನೋಡಲಾಗಲಿಲ್ಲ.

"ನಟ್ಟು ಬಿಗಿ ಮಾಡಿದ್ದು ನಿಜ," ಎಂದು ಶುರು ಮಾಡಿದರು ನರ್ಸಮ್ಮ. "ಸಡಿಲ ನಟ್ಟಿನ ಮೇಲೆ ವಾರ್ನಿಶ್ ಬಳಿದಿದ್ದರೆ ಅದರ ಅಡಿಗೂ ಹರೀತಿತ್ತು. ಬಿದ್ದ ನಟ್ಟು ಕೂತಿದ್ದ ಜಾಗದಲ್ಲಿ ವಾರ್ನಿಶ್ ಇಲ್ಲ, ಬರೀ ಮರ. ಅಂದರೆ ಬಳಿದ ಮೇಲೆ ಯಾರೋ ಬಿಚ್ಚಿದ್ದಾರೆ."

"ಅವನೇ ಬಿಚ್ಚಿರಬಹುದಲ್ಲ," ಎಂದರು ಮೇಸ್ತ್ರಿ.

"ಅವನು ಬಿಚ್ಚಿದ್ದರೆ ಗೀರು ಬೀಳ್ತಿತ್ತು. ಅವನಿಗೆ ಗೀರು ಲೆಕ್ಕಕ್ಕೇ ಇಲ್ಲ. ನಾಲ್ಕು ನಟ್ಟು ಬಿಚ್ಚಿದರೂ ಹಸಿ ವಾರ್ನಿಶ್ ಮೇಲೆ ಒಂದು ಗೀರಿಲ್ಲ. ಬಿಚ್ಚಿದವರು ಸ್ಪ್ಯಾನರಿನ ಅಡಿಗೆ ಏನೋ ಇಟ್ಟಿದ್ದಾರೆ. ಮೇಜು ಬೀಳಿಸೋಕೆ ಬಂದವರು ಮರಕ್ಕೆ ನೋವಾಗಬಾರದು ಅಂತ ನೋಡ್ಕೊಂಡಿದ್ದಾರೆ."

ಹತ್ತಿಯ ಮೇಲಿನ ಎಳೆಗಳನ್ನು ಮುಂದಿಟ್ಟರು. ಅದರ ಪಕ್ಕದಲ್ಲಿ ಮೇಸ್ತ್ರಿಯ ತೊಗಲಿನ ತುಂಡನ್ನು ಮಗುಚಿ ಇಟ್ಟರು. ಅದರ ಅಡಿಯಲ್ಲಿ ವಾರ್ನಿಶ್ ಗಟ್ಟಿಯಾಗಿ ಮಿರುಗುತ್ತಿತ್ತು.

ಕಂಪೌಂಡರ್ ತಡೆಯಲಾರದೆ, "ಹೆತ್ತ ಮಗನ ಕೈಯನ್ನ ಯಾರಾದರೂ ಬೇಕು ಅಂತ..." ಎಂದ.

"ಬೇಕು ಅಂತ ಅಲ್ಲ. ಹನ್ನೊಂದು ಗಂಟೆವರೆಗೆ ಆ ಮೇಜನ್ನ ಯಾರೂ ಮುಟ್ಟಲ್ಲ ಅಂತ ನಂಬಿದ್ದವರು ಈ ಮನೇಲಿ ಒಬ್ಬರೇ. ದಿನಾ ಬೆಳಿಗ್ಗೆ, ಅಪ್ಪ ಏಳೋಕೆ ಮುಂಚೆ, ಮಗ ಈ ತುಂಡುಗಳನ್ನ ಕಾಲಡಿಗೆ ಇಟ್ಟು ಅಳಿಯನ ಮೇಜಿನ ಮೇಲೆ ಕೆಲಸ ಮಾಡ್ತಿದ್ದ. ನಾಲ್ಕು ಬೆರಳು ಎತ್ತರ ಮಾಡಿದರೆ ಅದು ಅವನ ಅಳತೆಗೆ ಸರಿಹೋಗುತ್ತೆ. ಅದಕ್ಕೇ ಬೆನ್ನುನೋವು ನಿಂತಿದ್ದು. ಇದು ಅಳಿಯನಿಗೆ ಗೊತ್ತಿತ್ತು. ಗೊತ್ತಿದ್ದವನು ಅದನ್ನ ಸಡಿಲ ಮಾಡ್ತಾನಾ?"

"ಯಾರಿಗೂ ಹೇಳಬೇಡ ಅಂತ ಭಾವ ಮಾತು ತಗೊಂಡಿದ್ದರು," ಎಂದ ಅಳಿಯ.

"ಸ್ವಲ್ಪ ಅಲ್ಲಾಡ್ತು," ಎಂದ ಮಗ ಮೆಲ್ಲಗೆ. "ತುಂಡು ಸರಿಯಾಗಿ ಕೂತಿಲ್ಲ ಅಂದ್ಕೊಂಡೆ."

ದೊಡ್ಡ ಮೇಸ್ತ್ರಿ ತೊಗಲಿನ ತುಂಡನ್ನು ಮತ್ತೆ ಮಗುಚಿಟ್ಟರು. "ಮೇಡಂ ಕೈ ಇಟ್ಟಾಗ ಅಲ್ಲಾಡಲಿ ಅಂತ," ಎಂದರು. "ಅಷ್ಟೇ. ನೋಡಿದಿರಾ, ಬೋಲ್ಟಿನ ಹಣೆಬರಹ ಇಷ್ಟೇ ಅಂತ ತೋರಿಸೋಣ ಅಂತ. ನೀನು ಅದರ ಹತ್ರ ಹೋಗ್ತೀಯ ಅಂತ ನನಗೆ ಹೆಂಗೆ ಗೊತ್ತಾಗಬೇಕು? ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಅಪ್ಪ. ಹತ್ತು ವರ್ಷದ ಹಿಂದೆ. ನಿಮ್ಮ ಮೇಜಿನ ಕಾಲಿಗೆ ತುಂಡು ಕೊಡೋಣ, ಬಗ್ಗಿ ಬಗ್ಗಿ ಬೆನ್ನು ಹಿಡಿಯುತ್ತೆ ಅಂತ. ಮೇಜಿನ ಅಂದ ಕೆಡುತ್ತೆ ಅಂದಿರಿ."

ಮಗಳು ಗಂಡನ ಎದುರಿಗೆ ಬಂದು ನಿಂತಳು. "ನಾನೂ ನಿಮ್ಮನ್ನ ಅನುಮಾನಿಸಿದೆ," ಎಂದಳು.

"ಗೊತ್ತು. ಮೊನ್ನೆಯಿಂದ ನೀನು ನನ್ನ ಮುಖ ನೋಡಿಲ್ಲ," ಎಂದ ಅವನು. ಕೋಪವಿಲ್ಲದೆ ಹೇಳಿದ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ಅವಳು ತಲೆ ತಗ್ಗಿಸಿ ಅತ್ತಳು. ಅವನು ಸಮಾಧಾನ ಮಾಡಲು ಹೋಗಲಿಲ್ಲ.

ಕಂಪೌಂಡರನಿಗೆ ನರ್ಸಮ್ಮನ ಮೇಲೆಯೇ ಸಿಟ್ಟು ಬಂತು. ಬೋಲ್ಟ್ ತಾನಾಗಿ ಸಡಿಲವಾಯಿತು ಎಂದು ಒಂದು ಮಾತು ಹೇಳಿದ್ದರೆ ಯಾರ ಗಂಟೇನು ಹೋಗುತ್ತಿತ್ತು ಎಂದು ಅವರ ಕಿವಿಯಲ್ಲಿ ಪಿಸುಗುಟ್ಟಿದ. "ಹಾಗೆ ಹೇಳಿದ್ದರೆ ಈ ಹುಡುಗಿ ಜೀವಮಾನವಿಡೀ ಗಂಡನ ಕೈ ನೋಡಿ ಹೆದರಿಕೊಂಡು ಬದುಕಬೇಕಿತ್ತು," ಎಂದರು ಅವರು. ಅವರ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ.

ಮೇಸ್ತ್ರಿ ಎದ್ದು, ಜೇಬಿನಿಂದ ಶಾಲೆಯ ಪತ್ರ ತೆಗೆದು ಅಳಿಯನ ಮುಂದೆ ಹಿಡಿದರು.

"ನಲವತ್ತು ಮೇಜಿದೆ ಮಾರಾಯ. ಎಂಟು ತಿಂಗಳ ವಾಯಿದೆ. ನನಗೆ ಕಣ್ಣು ಕಾಣಲ್ಲ, ಇವನಿಗೆ ಕೈ ಇಲ್ಲ. ಆಗಿದ್ದು ಆಯ್ತು, ಹೋಗಬೇಡ. ನೀನಾದರೂ ಮಾಡು."

ಅಳಿಯ ಪತ್ರವನ್ನು ಓದಿದ, ಕೈಗೆ ತೆಗೆದುಕೊಳ್ಳಲಿಲ್ಲ.

"ಇದರಲ್ಲಿ ನಿಮ್ಮ ಕೀಲಿನ ಮೇಜೇ ಬೇಕು ಅಂತ ಬರೆದಿದೆ ಮಾವ," ಎಂದ. "ಆ ಕೀಲು ಕೊರೆಯೋಕೆ ನನಗೆ ಬರಲ್ಲ. ಮದುವೆಯಾದ ವರ್ಷ ಕಲಿಸಿಕೊಡಿ ಅಂತ ನಿಮ್ಮ ಹಿಂದೆ ಹಿಂದೆ ತಿರುಗಿದೆ. ಬೋಲ್ಟ್ ಹಾಕೋ ಕೈಗೆ ಇದು ಯಾಕೆ ಅಂದಿರಿ."