ಹಿಡಿಜೋಳ ಬಿಟ್ಟು ಉಳಿದದ್ದೆಲ್ಲ

ಇವರ ಪ್ರೀತಿ ಶುರುವಾದದ್ದು ಬೈಗುಳದಿಂದ.

ಯಾದಗಿರಿಯ ಕಾಲುವೆ ಆಫೀಸಿನ ಸರ್ವರ್ ಕೋಣೆಯಲ್ಲಿ ಅವತ್ತು ಸೋಮವಾರದ ಚಹಾ. ಈಶಪ್ಪ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮೊದಲು ಬಾಯಿಗೆ ತರುವ ನಾಜೂಕಿನ ಗಳಿಗೆಯಲ್ಲಿದ್ದ. ಫೋನು ಬಡಿದುಕೊಂಡಿತು. ಬಿಸ್ಕತ್ತು ಮುಳುಗಿತು.

"ಕಂಪ್ಯೂಟರ್ ನೋಡಾವ್ರು ಯಾರ್ರಿ ಅಲ್ಲಿ?"

"ನಾನಾ ರೀ, ಈಶಪ್ಪ. ನೀವ್ಯಾರ್ರಿ?"

"ಸುರಪುರ ಸೆಕ್ಷನ್ನಿಂದ ದೇವಕಮ್ಮ. ನಮ್ಮ ಗೇಟ್ ಫೋಲ್ಡರ್ ಎಲ್ಲಿಗೆ ಒಯ್ದೀರಿ?"

"ಎಲ್ಲೂ ಒಯ್ದಿಲ್ರಿ. ಒಳಗಿಂದು ಖಾಲಿ ಮಾಡೀನಷ್ಟ."

"ಒಳಗಿಂದು ಖಾಲಿ ಮಾಡಿದ್ರ ಫೋಲ್ಡರ್ ಇರಬೇಕಲ್ಲ? ಫೋಲ್ಡರೇ ಇಲ್ಲ ಇಲ್ಲಿ! ಜೋಳ ತುಂಬಿಡೋ ಗುಮ್ಮಿ ಖಾಲಿ ಮಾಡಪಾ ಅಂದ್ರ ಗುಮ್ಮಿಗೇ ಬೆಂಕಿ ಹಚ್ಚಿ ಬರ್ತಾರೇನ್ರಿ ಯಾರರ?"

ವಿಷಯ ಇಷ್ಟು. ಕಾಲುವೆಯ ಪ್ರತಿ ಗೇಟಿಗೂ ಒಂದು ಕ್ಯಾಮೆರಾ. ಅದು ಕಾಲು ತಾಸಿಗೊಮ್ಮೆ ಗೇಟಿನ ಫೋಟೋ ತೆಗೆದು ಆಯಾ ಸೆಕ್ಷನ್ನಿನ ಕಂಪ್ಯೂಟರಿನಲ್ಲಿ 'ಗೇಟ್' ಎಂಬ ಫೋಲ್ಡರಿಗೆ ಹಾಕುತ್ತದೆ. ಪಾಳಿಯ ನೀರು ಬಂತೋ ಇಲ್ಲವೋ ಎಂದು ಕೊನೆಭಾಗದ ರೈತರು ಜಗಳಕ್ಕೆ ನಿಂತರೆ ಆ ಫೋಟೋನೇ ಸಾಕ್ಷಿ. ಹಾಗೇ ಬಿಟ್ಟರೆ ಕಂಪ್ಯೂಟರ್ ತುಂಬಿ ಉಸಿರುಗಟ್ಟುತ್ತದೆ. ಅದಕ್ಕೇ ಈಶಪ್ಪ ಎಲ್ಲ ಫೋಟೋಗಳ ಒಂದು ಪ್ರತಿಯನ್ನು ಯಾದಗಿರಿಗೆ ಎಳೆದುಕೊಂಡು, ಸೋಮವಾರಕ್ಕೊಮ್ಮೆ ಆ ಫೋಲ್ಡರುಗಳನ್ನು ಖಾಲಿ ಮಾಡುತ್ತಿದ್ದ.

ಅದಕ್ಕಾಗಿ ಅವನು ಊರೂರು ತಿರುಗುತ್ತಿರಲಿಲ್ಲ. ಏನೇನು ಮಾಡಬೇಕೆಂದು ಒಂದು ಪುಟದಲ್ಲಿ ಬರೆದಿಟ್ಟು ಇಲ್ಲಿ ಒಂದು ಕೀ ಒತ್ತಿದರೆ, ಅಲ್ಲಿ ಎಲ್ಲ ಸೆಕ್ಷನ್ನುಗಳ ಕಂಪ್ಯೂಟರುಗಳೂ ಒಟ್ಟಿಗೆ ತಲೆಬಾಗಿ ಅದನ್ನೇ ಮಾಡುತ್ತಿದ್ದವು. ಆ ಪುಟಕ್ಕೆ ಪ್ಲೇಬುಕ್ ಎಂದು ಹೆಸರು. ಈ ಸಲ ಈಶಪ್ಪ ಅದರಲ್ಲಿ 'ಗೇಟ್ ಫೋಲ್ಡರ್ ಇರಬಾರದು' ಎಂದು ಬರೆದುಬಿಟ್ಟಿದ್ದ. ಕಂಪ್ಯೂಟರು ಪಾಪ, ಹೇಳಿದ ಮಾತು ಕೇಳಿತು. ಹೊಸ ಫೋಟೋ ಬಂದು ಬೀಳಲು ಜಾಗವೇ ಇಲ್ಲದಾಯಿತು.

"ಕಕ್ಕೇರಾ ಕಡಿ ರೈತರು ನನ್ನ ಮುಂದ ಕುಂತಾರ. ಫೋಟೋ ತೋರ್ಸು ಅಂತಾರ. ಏನು ತೋರಿಸ್ಲಿ, ನನ್ನ ಮಾರಿ ತೋರಿಸ್ಲೇನು?"

"ತೋರಿಸ್ರಿ, ನೋಡ್ಲಿ," ಎಂದುಬಿಟ್ಟ ಈಶಪ್ಪ. ಬಾಯಿ ಜಾರಿತ್ತು.

ಆ ಕಡೆಯಿಂದ ಯಾರೋ ಮುದುಕನ ಗೊಗ್ಗರು ನಗು.

"ಫೋನು ಸ್ಪೀಕರ್ ಮ್ಯಾಲ ಅದರಿ," ಎಂದಳು ದೇವಕಮ್ಮ. ಆ ದನಿಯಲ್ಲಿ ಸಿಟ್ಟು ಅರ್ಧವೇ ಉಳಿದಿತ್ತು. ಇನ್ನರ್ಧ ಏನೆಂದು ಈಶಪ್ಪನಿಗೆ ಮಧ್ಯಾಹ್ನದವರೆಗೂ ಗೊತ್ತಾಗಲಿಲ್ಲ.

ಅವತ್ತೇ ಅವನು ಪ್ಲೇಬುಕ್ ತಿದ್ದಿದ. ಮೊದಲು ಫೋಲ್ಡರಿನ ಒಳಗೆ ಏನೇನಿದೆ ಎಂದು ಹುಡುಕು, ಆಮೇಲೆ ಒಂದೊಂದನ್ನೇ ಅಳಿಸು, ಫೋಲ್ಡರನ್ನು ಮಾತ್ರ ಬಿಡು. ಇದರಿಂದ ಒಂದು ಹೊಸ ಚಟ ಹತ್ತಿತು. ಅಳಿಸಿದ ಫೈಲುಗಳ ಹೆಸರೆಲ್ಲ ಈಗ ಅವನ ಸ್ಕ್ರೀನಿನ ಮೇಲೆ ಮೆರವಣಿಗೆ ಹೋಗುತ್ತಿದ್ದವು. ಎಲ್ಲವೂ ಬರೀ ಅಂಕಿ. ಸುರಪುರದ್ದರಲ್ಲಿ ಮಾತ್ರ, ಅಂಕಿಗಳ ನಡುವೆ, ಒಂದು ಹೆಸರು: ಹಿಡಿಜೋಳ.

ಒಂದು ವಾರ ಬಿಟ್ಟ. ಮರುವಾರ ಮತ್ತೆ ಹಿಡಿಜೋಳ. ಮೂರನೆಯ ಸಲ ತಡೆಯಲಾರದೆ, ಯಾದಗಿರಿಗೆ ಬಂದಿದ್ದ ಅದರ ಪ್ರತಿಯನ್ನು ತೆರೆದು ನೋಡಿದ.

ಒಂದು ಅಂಗೈ. ಅದರ ತುಂಬ ಬಿಳಿಜೋಳ. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆ. ಹೆಬ್ಬೆರಳಿನ ಬುಡದಲ್ಲಿ ಎಳ್ಳಿನಷ್ಟು ಮಚ್ಚೆ.

ಈಶಪ್ಪ ಆ ಫೋಟೋ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಮಚ್ಚೆ ತೆಂಗಿನಕಾಯಿಯಷ್ಟಾದ ಮೇಲೆ ನಾಚಿಕೊಂಡು ಚಿಕ್ಕದು ಮಾಡಿ ಫೋನು ಹಚ್ಚಿದ.

"ಮೇಡಂ, ಗೇಟ್ ಫೋಲ್ಡರಿನ್ಯಾಗ ಕೈ ಫೋಟೋ ಯಾಕ ಇಡ್ತೀರಿ?"

"ನಮ್ಮ ಮನ್ಯಾಗ ಗುಮ್ಮಿ ಪೂರಾ ಬಳಿಯಂಗಿಲ್ರಿ. ತಳದಾಗ ಒಂದು ಹಿಡಿ ಬಿಡ್ತೀವಿ. ಆ ಹಿಡಿ ಇದ್ರ ಮತ್ತ ತುಂಬ್ತದ ಅಂತಾಳ ನಮ್ಮವ್ವ. ನೀವು ವಾರಾ ವಾರಾ ಬಂದು ಗುಡಿಸಿಕೊಂಡು ಹೋಗ್ತೀರಿ. ನನಗ ಜೀವ ತಡಿಯಂಗಿಲ್ಲ. ಅದಕ್ಕ ನಾನಾ ಒಂದು ಹಿಡಿ ಇಡ್ತೀನಿ. ಅದನ್ನೂ ಬಿಡವಲ್ರಿ ನೀವು."

"ಕಂಪ್ಯೂಟರಿಗೂ ಈ ರಿವಾಜು ಬೇಕೇನ್ರಿ?"

"ದಸರಾದಾಗ ಅದಕ್ಕ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟಾಗ ಹಿಂಗ ಕೇಳಿದ್ರೇನ್ರಿ?"

ಈಶಪ್ಪ ತಿರುಗಿ ನೋಡಿದ. ಸರ್ವರಿನ ಹಣೆಯ ಮೇಲೆ ಕುಂಕುಮ ಇತ್ತು.

ಅಂದು ಅವನು ಪ್ಲೇಬುಕ್ಕಿಗೆ ಒಂದೇ ಒಂದು ಸಾಲು ಸೇರಿಸಿದ. ಹಿಡಿಜೋಳ ಎಂದು ಹೆಸರು ಶುರುವಾಗುವ ಯಾವುದನ್ನೂ ಮುಟ್ಟಬೇಡ, ಉಳಿದದ್ದೆಲ್ಲ ಅಳಿಸು. ಜೀವನದಲ್ಲಿ ಒಂದು ಹುಡುಗಿಗೂ ನಾಲ್ಕು ಅಕ್ಷರ ಬರೆಯದವನು, ತನ್ನ ಮೊದಲ ಪ್ರೇಮದ ಸಾಲನ್ನು ಮಷೀನಿಗೆ ಬರೆದ.

ಮರು ಸೋಮವಾರ ಅವಳೇ ಫೋನು ಮಾಡಿದಳು.

"ಹಿಡಿಜೋಳ ಹಂಗೇ ಅದರಿ!"

"ಬಿಡು ಅಂತ ಹೇಳೀನ್ರಿ ಅದಕ್ಕ."

"ಯಾದಗಿರಿಯವ್ರೂ ಮಾತು ಕೇಳ್ತಾರ ಅಂದಂಗಾಯ್ತು," ಎಂದಳು. ಬಳೆಯ ಸದ್ದು ಕೇಳಿಸಿತು. ಆ ಸದ್ದಿಗೆ ಯಾವ ಬಣ್ಣ ಎಂದು ಅವನಿಗೆ ಗೊತ್ತಿತ್ತು. ಎಂಥಾ ಸುಖ!

ಆಮೇಲೆ ವಾರಕ್ಕೊಂದು ಹೊಸ ಹಿಡಿ. ಒಮ್ಮೆ ತೊಗರಿ, ಒಮ್ಮೆ ಶೇಂಗಾ. ಒಮ್ಮೆ ಜೋಳದ ಮೇಲೊಂದು ಹಕ್ಕಿಯ ಬಿಳಿ ಗರಿ. ಅವಳ ಊರು ಬೋನಾಳ. ಅಲ್ಲಿಯ ಕೆರೆಗೆ ಚಳಿಗಾಲದ ಹಕ್ಕಿಗಳು ಬಂದಿವೆ ಎಂಬ ಸುದ್ದಿ ಯಾದಗಿರಿಗೆ ತಲುಪಿದ್ದು ಹೀಗೆ. ಈಶಪ್ಪನೋ, ನೆಪ ಹುಡುಕಿ ಫೋನು ಹಚ್ಚುತ್ತಿದ್ದ.

"ಕಂಪ್ಯೂಟರ್ ಆರಾಮ ಅದೇನ್ರಿ?"

"ಅದು ಆರಾಮ ಅದ. ನಾನೂ ಆರಾಮ ಅದೀನಿ. ನೀವು ಕೇಳಲಿಲ್ಲ, ಆದ್ರೂ ಹೇಳೀನಿ."

ಹೀಗೆ ಚಳಿಗಾಲ ಕಳೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಒಂದು ಗುರುವಾರ ಅವಳ ದನಿ ಬೇರೆಯೇ ಇತ್ತು.

"ಭಾನುವಾರ ನನ್ನ ನೋಡಾಕ ಹತ್ತಿಕುಣಿಯಿಂದ ಬರ್ತಾರಂತ್ರಿ."

ಈಶಪ್ಪನ ಎದೆಯೊಳಗೆ ಏನೋ ಬಿಸ್ಕತ್ತಿನಂತೆ ಮುರಿದು ಬಿತ್ತು. "ಹುಡುಗ ಏನು ಮಾಡ್ತಾನ್ರಿ?"

"ಟ್ರ್ಯಾಕ್ಟರ್ ಮಾರ್ತಾನ."

"ಟ್ರ್ಯಾಕ್ಟರ್ ಚಲೋ ಇರ್ತಾವ್ರಿ," ಎಂದ. ಎಂದ ಮೇಲೆ ತನ್ನ ನಾಲಿಗೆಯನ್ನೇ ಅಳಿಸಿಹಾಕಬೇಕು ಅನಿಸಿತು.

"ಹೌದ್ರಿ. ಟ್ರ್ಯಾಕ್ಟರ್ ಭಾಳ ಚಲೋ ಇರ್ತಾವ." ಮತ್ತೆ ಹೇಳಿದಳು, "ಮನಸಿನ್ಯಾಗ ಯಾರರ ಇದ್ರ ಭಾನುವಾರದೊಳಗ ಹೇಳು ಅಂದಾಳ ಅವ್ವ. ಏನು ಹೇಳ್ಲಿ? ಬಾಯಿಬಿಟ್ಟು ಯಾರೂ ಕೇಳಿಲ್ಲ ಅಂತ ಹೇಳ್ಲೇನು?"

"ಕಂಪ್ಯೂಟರ್ ಆರಾಮ ಅದೇನ್ರಿ?" ಎಂದುಬಿಟ್ಟ ಈಶಪ್ಪ. ಫೋನು ಕಟ್ಟಾಯಿತು.

ಶುಕ್ರವಾರ ಬೆಳಿಗ್ಗೆ ಈಶಪ್ಪ ಬಾಲ್‌ಪೆನ್ನಿನಿಂದ ತನ್ನ ಎಡ ಅಂಗೈ ಮೇಲೆ ಬರೆದುಕೊಂಡ: 'ಈ ಕೈ ಖಾಲಿ ಅದ. ದೇವಕಮ್ಮಗ ಮಾತ್ರ.' ಫೋಟೋ ತೆಗೆದ. ಅವಳ ಹಿಡಿಯ ಪಕ್ಕದಲ್ಲೇ ಕೂರಲಿ ಎಂದು 'ಹಿಡಿಜೋಳ ಎರಡು' ಎಂದು ಹೆಸರಿಟ್ಟ. ಪ್ಲೇಬುಕ್ಕಿನಿಂದಲೇ ಸುರಪುರಕ್ಕೆ ಕಳಿಸಿದ. ಕಳಿಸುವಾಗ ಸುರಪುರಕ್ಕೆ ಮಾತ್ರ ಎಂದು ಹೇಳಬೇಕಿತ್ತು. 'ಮಾತ್ರ' ಎಂಬುದನ್ನು ಅವನು ಕೈ ಮೇಲೆ ಬರೆದಿದ್ದನೇ ಹೊರತು ಕಂಪ್ಯೂಟರಿಗೆ ಹೇಳಿರಲಿಲ್ಲ.

ಮೊದಲ ಫೋನು ಕಕ್ಕೇರಾದಿಂದ, ಫಕೀರಸಾಬರದ್ದು. ರಿಟೈರ್ ಆಗಲು ಬಂದ ಹಳೇ ಗೇಟ್‌ಮನ್.

"ಈಶಪ್ಪಾ, ನನ್ನ ಕಂಪ್ಯೂಟರಿನ್ಯಾಗ ನಿನ್ನ ಕೈ ಬಂದದಲ್ಲೋ ಬೇಟಾ. ದೇವಕಮ್ಮಗ ಮಾತ್ರ ಅಂತ ಬರದೀ. ನಾ ನೋಡಬೇಕೋ, ಕಣ್ಣು ಮುಚ್ಚಿಕೋಬೇಕೋ?"

ಎರಡನೆಯದು ಶಹಾಪುರದ ಸೆಕ್ಷನ್ನಿನ ಲಾಲಮ್ಮ. "ತಮ್ಮಾ, ಆಯುಷ್ಯದ ಗೆರಿ ಚಲೋ ಅದ ನಿಂದು. ಮದಿವಿ ಗೆರಿ ಸ್ವಲ್ಪ ತಡ ತೋರಸ್ತದ. ನಾ ದೇವಕಮ್ಮಗ ಫೋನು ಮಾಡಿ ಹೇಳೀನಿ, ಕಾಳಜಿ ಮಾಡಬ್ಯಾಡ."

ಮೂರನೆಯದು ಫೋನಲ್ಲ. ಎಂಜಿನಿಯರ್ ಜಗದೇವಪ್ಪ ಸಾಹೇಬರು ಪಕ್ಕದ ಕೋಣೆಯಿಂದ ತಾವೇ ಎದ್ದು ಬಂದಿದ್ದರು. ಅವರ ಗೋಡೆಯ ದೊಡ್ಡ ಟಿವಿಯಲ್ಲಿ ಎಲ್ಲ ಗೇಟುಗಳ ತೀರಾ ಹೊಸ ಫೋಟೋ ತಾನಾಗಿ ಬರುತ್ತದೆ. ಅವತ್ತು ರೈತರ ಮೀಟಿಂಗು ಬೇರೆ.

"ಏನಪಾ ಇದು? ಎಲ್ಲಾ ಗೇಟಿಗೂ ಒಂದು ಕೈ ಅಡ್ಡ ನಿಂತದ. ನೀರು ಬರಲಾರದ್ದು ಇದಕ್ಕೇನ್ರಿ ಅಂತ ರೈತರು ಕೇಳಾಕತ್ತಾರ. ಮೊದಲ ತೆಗಿ ಅದನ್ನ!"

ಈಶಪ್ಪ ಖಾಲಿ ಮಾಡುವ ಪ್ಲೇಬುಕ್ ಓಡಿಸಿದ. ಹೆಸರುಗಳ ಮೆರವಣಿಗೆ ಹೊರಟಿತು. ಅಂಕಿಗಳೆಲ್ಲ ಹೋದವು. ಈಗ ಟಿವಿಯ ತುಂಬ ಬರೀ ಕೈ. ಕೈ ಬಿಟ್ಟು ಬೇರೇನೂ ಇಲ್ಲ.

"ಹೋಗವಲ್ದಲ್ಲ?"

"ಹೋಗಂಗಿಲ್ರಿ ಸಾಹೇಬ್ರ," ಎಂದ ಈಶಪ್ಪ, ಅಳುವ ದನಿಯಲ್ಲಿ. "ಆ ಹೆಸರು ಮುಟ್ಟಬ್ಯಾಡ ಅಂತ ನಾನಾ ಹೇಳಿ ಇಟ್ಟೀನ್ರಿ ಅದಕ್ಕ."

"ಯಾಕ ಹೇಳಿದಿ?"

ಈಶಪ್ಪ ನೆಲ ನೋಡಿದ. ಸಾಹೇಬರು ಅವನ ಅಂಗೈ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ನಗು ಮುಚ್ಚಿಕೊಳ್ಳಲು ಬೇಕಾಗುವಷ್ಟು ಹೊತ್ತು ಒರೆಸಿಕೊಂಡರು.

"ಸುರಪುರದ ಬಸ್ಸು ಎಷ್ಟೊತ್ತಿಗದ?"

"ಈಗ ಒಂದು ಅದರಿ."

"ಮತ್ತ ಇಲ್ಯಾಕ ನಿಂತೀ? ಆ ಸಾಲು ಹೆಂಗ ತೆಗಿಬೇಕು ತೋರ್ಸಿ ಓಡು. ಗೇಟು ನಾ ನೋಡ್ಕೊಂತೀನಿ, ಕೈ ನೀ ನೋಡ್ಕೊ."

ಬಸ್ಸಿನಲ್ಲಿ ಜಾಗ ಇರಲಿಲ್ಲ. ಮೇಲಿನ ಸರಳು ಹಿಡಿದು ನಿಂತೇ ಹೋದ. ಶಹಾಪುರ ದಾಟಿತು, ಕಾಲುವೆ ದಾಟಿತು. ಎಲ್ಲರೂ ಫೋನು ಮಾಡಿದ್ದರು, ಅವಳೊಬ್ಬಳನ್ನು ಬಿಟ್ಟು. ಸಿಟ್ಟಾಗಿದ್ದಾಳೆ. ಅತ್ತಿರಲೂಬಹುದು. ಇಲ್ಲ, ಟ್ರ್ಯಾಕ್ಟರಿನವನಿಗೆ ಹೂಂ ಎಂದುಬಿಟ್ಟಿದ್ದಾಳೆ.

ಸುರಪುರದ ಆಫೀಸಿನ ಕಟ್ಟೆಯ ಮೇಲೆ ಒಬ್ಬಳು ಹಳೇ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದಳು. ಹಸಿರು ಬಳೆ. ಹೆಬ್ಬೆರಳಿನ ಬುಡದಲ್ಲಿ ಮಚ್ಚೆ. ಈಶಪ್ಪ ಆ ಕೈಯನ್ನೇ ನೋಡುತ್ತ ನಿಂತ.

"ಮುಖಾನೂ ಅದರಿ," ಎಂದಳು. "ನೋಡ್ರಿ."

ನೋಡಿದ. ನಗು ಅವಳ ಕಣ್ಣಿಗೆ ಬಂದಾಗಿತ್ತು. ತುಟಿಗೆ ಇಳಿಯಲೋ ಬೇಡವೋ ಎಂದು ಅಪ್ಪಣೆಗೆ ಕಾಯುತ್ತ ಅಲ್ಲೇ ನಿಂತಿತ್ತು. ಅವನು ನೋಡಿದಷ್ಟೂ ಅವಳು ಫೈಲನ್ನು ಮೇಲೆ ಮೇಲೆ ತಂದಳು. ಕಡೆಗೆ ಕಣ್ಣು ಮಾತ್ರ ಉಳಿದವು.

"ಸಿಟ್ಟು ಬಂದದೇನ್ರಿ?"

"ಬರದೇ ಇರ್ತದೇನು? ಕಕ್ಕೇರಾದವ್ರು ನೋಡ್ಯಾರ, ಶಹಾಪುರದವ್ರು ನೋಡ್ಯಾರ, ಟಿವಿ ಮುಂದಿನ ರೈತರು ನೋಡ್ಯಾರ. ದೇವಕಮ್ಮಗ ಮಾತ್ರ ಅಂತ ಬರದದ್ದನ್ನ ದೇವಕಮ್ಮ ಒಬ್ಬಾಕಿ ನೋಡಿಲ್ಲ!"

"ಯಾಕ್ರಿ?"

"ಮುಂಜಾನಿಂದ ಲೈಟಿಲ್ಲ. ಕಂಪ್ಯೂಟರ್ ಮಲಗ್ಯಾದ."

ಆಗ ನೆನಪಾಯಿತು. ಸ್ಕ್ರೀನಿನ ಕೊನೆಯಲ್ಲಿ ಕೆಂಪಗೆ ಒಂದು ಸಾಲು ಬಂದಿತ್ತು: ಸುರಪುರ ಸಿಗುತ್ತಿಲ್ಲ. ಆ ಗದ್ದಲದಲ್ಲಿ ಓದಿರಲಿಲ್ಲ.

"ತೋರಿಸ್ರಿ," ಎಂದಳು.

ಕೈ ಬಿಚ್ಚಿದ. ಬಸ್ಸಿನ ಸರಳು ಮತ್ತು ಬೆವರು ಸೇರಿ ಅಕ್ಷರವೆಲ್ಲ ಕರಗಿ, ಅಂಗೈ ತುಂಬ ನೀಲಿ ಕೆಸರು.

"ಏನು ಬರದಿತ್ರಿ?"

"ಲಾಲಮ್ಮ ಹೇಳಿಲ್ಲೇನ್ರಿ?"

"ಲಾಲಮ್ಮ ಹೇಳಿದ್ದಕ್ಕ ಹೂಂ ಅಂದ್ರ ಲಾಲಮ್ಮನ್ನ ಮದಿವಿ ಆಗಬೇಕಾಗ್ತದ. ನೀವು ಹೇಳ್ರಿ."

ಈಶಪ್ಪನಿಗೆ ಇಲ್ಲಿ ಒತ್ತಲು ಕೀ ಇರಲಿಲ್ಲ.

"ಸೋಮವಾರ ಬಂತಂದ್ರ ಎಲ್ಲಾ ಅಳಿಸಾಂವ ನಾನು. ನಿಮ್ಮ ಕೈ ಒಂದು ಅಳಿಸಾಕ ಆಗಲಿಲ್ರಿ. ನಿಮ್ಮ ದನಿ ಕೇಳದ ದಿನ ಆ ಕೋಣಿ ಪೂರಾ ಬಳದ ಗುಮ್ಮಿ ಆಗ್ತದ. ಹತ್ತಿಕುಣಿಯವ್ರು ಬರಾದು ಬ್ಯಾಡ. ಭಾನುವಾರ ನಮ್ಮವ್ವನ್ನ ಕರ್ಕೊಂಡು ನಾ ಬರ್ತೀನಿ. ಬರ್ಲೇನ್ರಿ?"

ದೇವಕಮ್ಮ ಪಕ್ಕದ ಚೀಲದಿಂದ ಸಣ್ಣ ಡಬ್ಬಿ ತೆಗೆದಳು. ಸೋಮವಾರದ ಫೋಟೋಕ್ಕೆಂದು ಮನೆಯಿಂದ ತಂದ ಜೋಳ. ಹಿಡಿ ತುಂಬ ತೆಗೆದು ಅವನ ನೀಲಿ ಅಂಗೈಗೆ ಸುರುವಿ, ಅವನ ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿದಳು.

"ಬಿಗಿಯಾಗಿ ಹಿಡೀರಿ, ಚೆಲ್ಲೀತು."

"ಇದಕ್ಕ ಹೂಂ ಅಂತ ಅರ್ಥೇನ್ರಿ?"

"ಇಷ್ಟೂ ತಿಳಿಯದವರು ಸರ್ವರ್ ಹೆಂಗ ನೋಡ್ತೀರಿ?" ಎಂದಳು. ನಗುವಿಗೆ ಅಪ್ಪಣೆ ಸಿಕ್ಕಿತು.

ಒಳಗೆ ಲೈಟು ಬಂತು. ಫ್ಯಾನು ತಿರುಗಿತು, ಕಂಪ್ಯೂಟರ್ ಕುಂಯ್ ಎಂದಿತು. ಇಬ್ಬರೂ ಒಳಗೆ ಹೋಗಲಿಲ್ಲ.

ಸಂಜೆಯ ಬಸ್ಸೂ ತುಂಬಿತ್ತು. ಒಂದೇ ಕೈಯಲ್ಲಿ ಸರಳಿಗೆ ಜೋತುಬಿದ್ದು, ಇನ್ನೊಂದು ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ತೂಗಾಡುತ್ತಿದ್ದ ಈಶಪ್ಪನನ್ನು ಕಂಡಕ್ಟರು ಶಹಾಪುರದವರೆಗೂ ಸಹಿಸಿಕೊಂಡ.

"ಎರಡೂ ಕೈಲಿ ಹಿಡ್ಕೊಳ್ಳೋ ತಮ್ಮಾ, ಬೀಳ್ತೀ."

"ಬಿದ್ರೂ ಚಿಂತಿಲ್ರಿ ಅಣ್ಣಾರ," ಎಂದ ಈಶಪ್ಪ. "ಈ ಕೈ ಯಾದಗಿರಿ ತನಕ ಬಿಚ್ಚಂಗಿಲ್ಲ. ನಮ್ಮವ್ವಗ ತೋರಿಸೋದದ."