ಡೋಲಿನ ಜೊತೆ ಹತ್ತುವ ದೀಪಗಳು

ಡೋಲು ಢಂ ಎಂದಿತು. ಶಾಲೆಯ ಬಲಗಡೆ ಗೋಡೆಯ ದೀಪಗಳು ಅದೇ ಕ್ಷಣಕ್ಕೆ ಹತ್ತಿದವು. ಎಡಗಡೆಯವು ಮಾತ್ರ ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ನಿಧಾನವಾಗಿ ಹತ್ತಿದವು. ರಿಹರ್ಸಲ್ ನೋಡಲು ಬಂದಿದ್ದ ಅಪ್ಪ ಅಮ್ಮಂದಿರು ಕಿಸಕ್ಕನೆ ನಕ್ಕರು.

ಭೂಮಿ ಬಾಯಿ ಬಿಡಬಾರದೇ ಎನಿಸಿತು, ಕ್ಲಾಸಿನವರೆಲ್ಲ ಕಡ್ಡಿ ಎಂದು ಕರೆಯುವ ಹುಡುಗಿಗೆ.

ರಜೆಗೆ ಮುಂಚಿನ ದೀಪದ ಶೋಗೆ ಕಂಟ್ರೋಲರ್ ಆಯ್ಕೆ ಮಾಡಿದವಳು ಅವಳೇ. ಕಂಟ್ರೋಲರ್ ಎಂದರೆ ಯಾವ ದೀಪ ಯಾವಾಗ ಹತ್ತಬೇಕೆಂದು ಹೇಳುವ ಪುಟ್ಟ ಡಬ್ಬ. ಗೋಡೆಗೊಂದು ಡಬ್ಬ. ಅವುಗಳಿಗೆ ಸುದ್ದಿ ಕಳಿಸುವುದು ವೈಫೈಯಲ್ಲೋ ವೈರಿನಲ್ಲೋ ಎಂದು ಕ್ಲಾಸಿನಲ್ಲಿ ದೊಡ್ಡ ವಾದವೇ ನಡೆದಿತ್ತು. ವೈರ್ ಎಂದವನು ಎಲ್ಲರೂ ತೂಕಡಿಕೆ ಎಂದು ಕರೆಯುವ ಹುಡುಗ ಒಬ್ಬನೇ. ಪಾಠದ ನಡುವೆ ನಿದ್ದೆ ಹೋಗುವವನ ಮಾತು ಯಾರು ಕೇಳುತ್ತಾರೆ? ಕಡ್ಡಿಯ ಮೈ ಕಡ್ಡಿಯಾದರೂ ಅವಳು ಮಾತಿನ ಮಲ್ಲಿ. ವೈಫೈ ಗೆದ್ದಿತು. ಖಾಲಿ ಮೈದಾನದಲ್ಲಿ ಹತ್ತು ಸಲ ಟೆಸ್ಟ್ ಮಾಡಿದಾಗ ಒಂದು ದೀಪವೂ ತಪ್ಪಿರಲಿಲ್ಲ.

ಎಲೆಕ್ಟ್ರಿಷಿಯನ್ ಆಗಿದ್ದ ಅವಳ ಚಿಕ್ಕಮ್ಮ ಏಣಿಯಿಂದ ಇಳಿದು ಬಂದಳು. ಇಷ್ಟೊಂದು ಫೋನ್ ಒಟ್ಟಿಗೆ ಸೇರಿದರೆ ಎಡಗಡೆಯ ದೂರದ ಡಬ್ಬಕ್ಕೆ ಸುದ್ದಿ ತಡವಾಗಿ ತಲುಪುತ್ತದೆ, ಗಲಾಟೆ ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಎಂದಳು.

ಹಾಗಾದರೆ ನಾಡಿದ್ದು ಶೋ ದಿನ ಎಲ್ಲರ ಫೋನ್ ಆಫ್ ಮಾಡಿಸೋಣ ಎಂದರು ಹೆಡ್‌ಮಿಸ್. ಕಡ್ಡಿಗೆ ಹೋದ ಜೀವ ಬಂದಂತಾಯಿತು. ತಪ್ಪು ಫೋನುಗಳದ್ದು, ತನ್ನದಲ್ಲ. ತೂಕಡಿಕೆಯ ಮುಂದೆ ಸೋಲುವುದೂ ಬೇಡ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಅಮ್ಮ ಕಂಡಳು. ಅಮ್ಮ ಫೋನ್ ಎತ್ತಿ ಹಿಡಿದಿದ್ದಳು. ಕಾಲು ಮುರಿದು ಮನೆಯಲ್ಲೇ ಉಳಿದಿದ್ದ ಅಜ್ಜಿ ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದಳು. ಶೋ ದಿನವೂ ಅವಳು ನೋಡಬೇಕಾದದ್ದು ಆ ಫೋನಿನಲ್ಲೇ.

ಕಡ್ಡಿ ಹೆಡ್‌ಮಿಸ್ ಬಳಿ ಹೋಗಿ ಪಕ್ಕದಲ್ಲಿದ್ದ ತೂಕಡಿಕೆಯತ್ತ ಕೈ ತೋರಿಸಿದಳು.

"ಫೋನ್ ಆಫ್ ಮಾಡಿಸ್ಬೇಡಿ ಮಿಸ್. ವೈಫೈ ಸಾಕು ಅಂದಿದ್ದೇ ನನ್ನ ತಪ್ಪು. ಜನ ಇಲ್ದಾಗ ಟೆಸ್ಟ್ ಮಾಡ್ಬಿಟ್ಟೆ. ಇವನು ಹೇಳಿದ ಹಾಗೆ ವೈರ್ ಎಳೀತೀವಿ."

ತೂಕಡಿಕೆ ಈ ಸಲ ಎಚ್ಚರವಾಗಿಯೇ ಇದ್ದ. ಅಣಕಿಸುತ್ತಾನೆ ಎಂದುಕೊಂಡಳು. ಅವನು ಅಣಕಿಸಲಿಲ್ಲ.

"ಬೆಳಗ್ಗೆ ಎಷ್ಟು ಗಂಟೆಗೆ ಬರ್ಲಿ?" ಎಂದಷ್ಟೇ ಕೇಳಿದ.

ಮರುದಿನವಿಡೀ ಇಬ್ಬರೂ ಚಿಕ್ಕಮ್ಮನ ಜೊತೆ ಗೋಡೆಯುದ್ದಕ್ಕೂ ವೈರ್ ಕಟ್ಟಿದರು. ಗಂಟು ಬಿಗಿದು ಬಿಗಿದು ಕಡ್ಡಿಯ ಬೆರಳು ಕೆಂಪಾದವು.

ಶೋ ದಿನ ಮೈದಾನದ ತುಂಬ ಜನ, ಜನರ ಕೈತುಂಬ ಫೋನು. ಡೋಲು ಢಂ ಎಂದಿತು. ಎರಡೂ ಗೋಡೆ ಒಟ್ಟಿಗೇ ಬೆಳಗಿದವು. ಕೊನೆಯ ಪೆಟ್ಟಿನವರೆಗೂ ಒಂದು ದೀಪವೂ ಹಿಂದೆ ಬೀಳಲಿಲ್ಲ. ಚಪ್ಪಾಳೆ ನಿಲ್ಲುವ ಮೊದಲೇ ಕಡ್ಡಿ ಅಮ್ಮನ ಬಳಿ ಓಡಿದಳು.

"ಇದೆಲ್ಲಾ ನೀನೇ ಮಾಡಿದ್ದೇನೇ?" ಫೋನಿನಿಂದ ಅಜ್ಜಿ ಕೇಳಿದಳು.

ಕಡ್ಡಿ ಹಿಂದೆಯೇ ಬಂದಿದ್ದ ತೂಕಡಿಕೆಯ ಕೈ ಹಿಡಿದು ಫೋನಿನ ಮುಂದಕ್ಕೆ ಎಳೆದಳು. "ವೈರ್ ಹಾಕೋಣ ಅಂದಿದ್ದು ಇವನು ಅಜ್ಜಿ. ಕಟ್ಟಿದ್ದು ನಾವಿಬ್ರೂ."

ಹಾಗೆ ಹೇಳುವಾಗ ಹೆಮ್ಮೆಯಿಂದ ಅವಳ ಎದೆ ಉಬ್ಬಿತು. ಕ್ಲಾಸಿನಲ್ಲಿ ವಾದ ಗೆದ್ದ ದಿನವೂ ಇಷ್ಟು ಉಬ್ಬಿರಲಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.