ಪಿಳ್ಳಮ್ಮನ ಕಡೆಯವರು

ಕೋಲಾರದ ವಕೀಲರು ಪುಸ್ತಕ ಮುಚ್ಚಿ, "ಇಲ್ಲ ಮೇಷ್ಟ್ರೇ, ಇದನ್ನ ಒಬ್ಬ ಹೆಂಗಸು ಬರೆದಳು ಅಂದ್ರೆ ನಾನು ಒಪ್ಪೋದಿಲ್ಲ" ಎಂದಾಗ ಕದಿರಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದನ್ನು ಮುಚ್ಚಿಟ್ಟುಕೊಳ್ಳಲು ಅವಳು ಸೆರಗಿನಿಂದ ತುಟಿ ಒರೆಸಿಕೊಂಡಳು.

ಪಕ್ಕದ ಕುರ್ಚಿಯಲ್ಲಿದ್ದ ಚಲಪತಿ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಅವನೂ ನಗು ತಡೆದುಕೊಂಡಿದ್ದಾನೆ ಎಂದು ಅವಳಿಗೆ ಗೊತ್ತಾಗಿಹೋಯಿತು.

ತಾತ ಮುನಿಸ್ವಾಮಪ್ಪನವರೊಬ್ಬರೇ ನಿಜವಾಗಿ ನೊಂದವರು. ಬಂಗಾರಪೇಟೆಯಲ್ಲಿ ಮೇಷ್ಟ್ರಾಗಿ ರಿಟೈರಾದ ಅವರಿಗೆ ಇದ್ದದ್ದು ಒಂದೇ ಹುಚ್ಚು. 'ಇಂದುಮುಖಿಯ ಓಲೆ' ಎಂಬ ಹಳೆಯ ವಿರಹಕಾವ್ಯವನ್ನು ಬರೆದವನು ಪಾಳೆಯಗಾರರ ಆಸ್ಥಾನದ ಲಿಂಗೋಜಯ್ಯ ಎಂದು ಓದಿದವರೆಲ್ಲ ಹೇಳುತ್ತಿದ್ದರು. ತಾತ ಮಾತ್ರ, ಅಲ್ಲ, ಕಾಮಸಮುದ್ರದ ಕಡೆ ಕುರಿ ಕಾಯುತ್ತಿದ್ದ ಪಿಳ್ಳಮ್ಮ ಎಂಬ ವಿಧವೆ ಎನ್ನುತ್ತಿದ್ದರು. ಆ ಸೀಮೆಯ ಮುದುಕಿಯರು ರಾಗಿ ಬೀಸುವಾಗ ಅದೇ ಪದ್ಯಗಳನ್ನು ಪಿಳ್ಳಮ್ಮನ ಪದ ಎಂದು ಹಾಡುವುದನ್ನು ಅವರು ಚಿಕ್ಕಂದಿನಲ್ಲಿ ಕೇಳಿದ್ದರು.

"ಬೀಸ್ತಾ ಬೀಸ್ತಾ ಕಲ್ಲಿನ ಗೂಟ ಬೆಚ್ಚಗಾಯ್ತದೆ, ಇನಿಯನ ಕೈ ಇಡಿದಂಗಾಯ್ತದೆ ಅಂತ ಬರೆದೈತೆ. ಆಸ್ಥಾನದಾಗೆ ಕೂತೋನಿಗೆ ಇದು ಎಂಗಪ್ಪ ಗೊತ್ತಾಗ್ತದೆ?" ಇದು ತಾತನ ದೊಡ್ಡ ವಾದ.

ಅವರ ಹತ್ತಿರವಿದ್ದ ಕಲ್ಲಚ್ಚಿನ ಪ್ರತಿಯಲ್ಲಿ, ಕವಿ ತನ್ನ ಹೆಸರು ಹೇಳಿಕೊಳ್ಳುವ ಕೊನೆಯ ಹಾಳೆ ಇರಲಿಲ್ಲ; ನೋಡಿದ ಬೇರೆ ಪ್ರತಿಗಳಲ್ಲೂ ಇರಲಿಲ್ಲ. ಪಂಡಿತರು ಯಾರೂ ಅವರನ್ನು ಹತ್ತಿರ ಸೇರಿಸಲಿಲ್ಲ. ಹಾಗಾಗಿ ತಾತ ಹಳೆಯ ಪುಸ್ತಕ ಕೂಡಿಡುವ ಶೋಕಿಯವರ ಮನೆಗಳಿಗೆ ಅಲೆಯತೊಡಗಿದರು. ಕೋಲಾರದ ವಕೀಲರೂ ಅಂಥವರೇ. ಅವರಲ್ಲೊಬ್ಬ ತನ್ನ ಪ್ರತಿಯ ಮೇಲೆ ಪಿಳ್ಳಮ್ಮನ ಹೆಸರು ಬರೆದಿಟ್ಟರೆ ಸಾಕು, ಅಷ್ಟೇ ಅವರ ಆಸೆ. ಕಣ್ಣಿಗೆ ಪೊರೆ ಬಂದಿದ್ದರಿಂದ ಓದಿ ಹೇಳಲು ಮಗಳ ಮಗಳು ಕದಿರಮ್ಮ. ಇಂಗ್ಲಿಷು, ತಮಿಳು ಮಾತಾಡಲು ಚಿನ್ನದ ಗಣಿಯ ಮೈಸೂರು ಮೈನ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಚಲಪತಿ. ಅವನು ಮೊದಲು ಬಂದದ್ದು ಪಿಳ್ಳಮ್ಮನಿಗಾಗಿ. ಆಮೇಲೆ ಬರುತ್ತಿದ್ದದ್ದು ಯಾರಿಗಾಗಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೇಳುವಂತಿರಲಿಲ್ಲ. ಅವನ ಜಾತಿ ಬೇರೆ. ಕದಿರಮ್ಮನನ್ನು ಸೋದರಮಾವ ಚಿಕ್ಕಮುನಿಯಪ್ಪನಿಗೆ ಎಂದು ಹುಟ್ಟಿದಾಗಲೇ ಗೊತ್ತು ಮಾಡಿದ್ದರು. ಅಪ್ಪ ತೀರಿಕೊಂಡ ಮೇಲೆ ಕಾಮಸಮುದ್ರದ ಹತ್ತಿರದ ಹೊಲದಲ್ಲಿ ದುಡಿದು ಅವಳನ್ನೂ ಅವಳ ಅಮ್ಮನನ್ನೂ ಸಾಕಿದವನು ಅದೇ ಮಾವ. ಅವನ ಮೇಲೆ ಹೇಳಲು ಅವಳಿಗೆ ಒಂದು ದೂರೂ ಇರಲಿಲ್ಲ. ಅದೇ ದೊಡ್ಡ ಕಷ್ಟವಾಗಿತ್ತು.

"ಪಿಳ್ಳಮ್ಮನ ಕೆಲಸ ಒಂದು ದಡ ಸೇರಲಿ ಕಣ್ಲಾ, ಆಮ್ಯಾಕೆ ಮದ್ವೆ. ಇವಳು ಓಗ್ಬಿಟ್ರೆ ನಂಗೆ ಓದೋರ್ಯಾರು?" ಎಂದು ತಾತ ಮಗನಿಗೆ ಹೇಳಿದ್ದರು. ಮಾವ ಒಪ್ಪಿ ಕಾದಿದ್ದ. ಹಾಗಾಗಿ ಯಾರಾದರೂ ಪಿಳ್ಳಮ್ಮನನ್ನು ಒಪ್ಪಲಿಲ್ಲವೆಂದರೆ ಕದಿರಮ್ಮನಿಗೆ ಇನ್ನಷ್ಟು ದಿನ ಸಿಗುತ್ತಿತ್ತು.

ಕೋಲಾರದಿಂದ ಹಿಂದಿರುಗುವಾಗ ಪುಟ್ಟ ರೈಲಿನಲ್ಲಿ ಚಲಪತಿ ಎದುರಿಗೆ ಕೂತ.

"ನಿಮಗೆ ಬಹಳ ಬೇಜಾರಾಗಿರಬೇಕು."

"ಔದು, ಬಾಳ ಬೇಜಾರು."

"ಕಣ್ಣಾಗೆ ನೀರು ಬಂದಂಗೈತೆ."

"ಇಂಜಿನ್ ಹೊಗೆ," ಎಂದಳು ಕದಿರಮ್ಮ. ಎಂದವಳೇ ನಕ್ಕುಬಿಟ್ಟಳು. ಅವನು ಆ ನಗುವನ್ನು ಹೇಗೆ ನೋಡಿದನೆಂದರೆ, ಅವಳು ಕಿಟಕಿಯ ಕಡೆ ತಿರುಗಿ ಬಂಗಾರಪೇಟೆ ಬರುವವರೆಗೂ ಈಚೆ ತಿರುಗಲಿಲ್ಲ.

ಕೋಲಾರದ ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ವರ್ಷ ಅದು, ಐವತ್ತಾರು. ಕೋರಮಂಡಲ್‌ನ ಬಂಗಲೆಗಳ ಮುಂದೆ ಮರದ ಪೆಟ್ಟಿಗೆಗಳು ನಿಂತಿದ್ದವು. ದೊರೆಗಳು ಒಬ್ಬೊಬ್ಬರೇ ಇಂಗ್ಲೆಂಡಿಗೆ ಹೊರಟಿದ್ದರು. ಅವರಲ್ಲೊಬ್ಬ ಇಂಜಿನಿಯರ್ ದೊರೆಗೆ ಹಳೆಯ ಅಚ್ಚಿನ ಪುಸ್ತಕಗಳ ಖಯಾಲಿ ಎಂದೂ, ಅವನ ಬಳಿ 'ಇಂದುಮುಖಿಯ ಓಲೆ' ಪೂರ್ತಿ ಇದೆ ಎಂದೂ ಚಲಪತಿಗೆ ಆಫೀಸಿನಲ್ಲಿ ಸುದ್ದಿ ಸಿಕ್ಕಿತು. ಹೇಳಲೋ ಬೇಡವೋ ಎಂದು ಅವನು ಕೆಲವು ದಿನ ಒದ್ದಾಡಿದ. ಕೊನೆಗೆ ಹೇಳಿದ. ತಾತನಿಗೆ ಮೋಸ ಮಾಡಲು ಅವನಿಂದಾಗಲಿಲ್ಲ.

ದೊರೆಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಗಣಿಯಲ್ಲಿ ಕಲಿತ ತಮಿಳಿನಲ್ಲಿ ಮಾತಾಡುತ್ತಿದ್ದ. ತಾತನ ವಾದವನ್ನು ಚಲಪತಿಯ ಬಾಯಿಂದ ಕೇಳಿ ಅವನು ನಗಲಿಲ್ಲ. ಕಟ್ಟಿಟ್ಟಿದ್ದ ಪೆಟ್ಟಿಗೆಯನ್ನೇ ಬಿಚ್ಚಿಸಿ ಪುಸ್ತಕ ತೆಗೆಸಿದ. ಕೊನೆಯ ಹಾಳೆ ಬಿಡಿಸಿ ಕದಿರಮ್ಮನ ಮುಂದಿಟ್ಟು, "ಪಡಿಂಗಮ್ಮಾ" ಎಂದ. ಓದಮ್ಮಾ.

ಅವಳು ಮನಸ್ಸಿನಲ್ಲೇ ಓದಿಕೊಂಡಳು. ಲಿಂಗೋಜಯ್ಯ ಸ್ಪಷ್ಟವಾಗಿ ತನ್ನ ಹೆಸರು ಹೇಳಿಕೊಂಡಿದ್ದ. ಹೆಂಡತಿ ತೀರಿಹೋದ ಮೇಲೆ ಮಕ್ಕಳಿಗಾಗಿ ತಾನೇ ರಾಗಿ ಬೀಸುತ್ತಿದ್ದೆನೆಂದೂ, ಆ ಕಲ್ಲಿನ ಮುಂದೆ ಕೂತು ಈ ಪದ್ಯಗಳನ್ನು ಕಟ್ಟಿದೆನೆಂದೂ ಬರೆದಿದ್ದ.

ಅವಳ ಭುಜದ ಹಿಂದಿನಿಂದ ಚಲಪತಿಯೂ ಓದುತ್ತಿದ್ದ. ಅವನು ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಅವನ ಉಸಿರು ನಿಂತದ್ದು ಅವಳಿಗೆ ತಿಳಿಯಿತು.

"ಏನವ್ವಾ ಬರೆದೈತೆ?" ಎಂದರು ತಾತ. ಕಿವಿಗೆ ಅಂಗೈ ಒಡ್ಡಿಕೊಂಡು, ಬಾಯಿ ಅರ್ಧ ತೆರೆದುಕೊಂಡು ಕೂತಿದ್ದರು.

ಚಲಪತಿಯ ಬೆರಳು ಹಾಳೆಯ ಅಂಚಿಗೆ ಬಂತು. ಅಲ್ಲೊಂದಿಷ್ಟು ಗೆದ್ದಲು ತಿಂದಿತ್ತು. "ಗೆದ್ದಲು ತಿಂದುಬಿಟ್ಟೈತೆ ಮೇಷ್ಟ್ರೇ," ಎಂದ. "ಓದೋಕಾಗ್ತಿಲ್ಲ, ಅಲ್ವಾ ಕದಿರಮ್ಮನೋರೇ? ಓದೋಕಾಗಲ್ಲ, ಅಲ್ವಾ?"

ಔದು ಎಂದರೆ ಇನ್ನೊಂದು ವರ್ಷ. ಇನ್ನೊಂದು ಊರು, ಇನ್ನೊಂದು ರೈಲು, ಎದುರು ಸೀಟಿನಲ್ಲಿ ಅವನು. ಇದ್ದದ್ದನ್ನು ಇದ್ದಹಾಗೆ ಓದಿದರೆ ತಾತನ ಬದುಕೆಲ್ಲ ಸುಳ್ಳಾಗಿ, ಮರುವಾರವೇ ಮದುವೆಯ ಮಾತು. ಅವರ ಪಿಳ್ಳಮ್ಮನನ್ನು ಅವರಿಗೆ ಕೊಟ್ಟರೂ ಮದುವೆಯೇ. ಆದರೆ ತಾತ ಗೆದ್ದಿರುತ್ತಾರೆ.

ಕದಿರಮ್ಮ ಚಲಪತಿಯ ಬೆರಳನ್ನು ಮೆಲ್ಲಗೆ ಸರಿಸಿದಳು. ಅವಳು ಅವನನ್ನು ಮುಟ್ಟಿದ್ದು ಅದೊಂದೇ ಸಲ.

"ಓದೋಕಾಯ್ತದೆ," ಎಂದಳು. "'ಕಾಮಸಮುದ್ರದ ಪಿಳ್ಳಮ್ಮ ಕಟ್ಟಿ ಹೇಳಿದ ಪದಗಳಿವು. ಬರೆದಿಟ್ಟವನು ಲಿಂಗೋಜಯ್ಯ.'"

ತಾತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ದೊರೆ ಪೆನ್ಸಿಲ್ ತೆಗೆದು ಪುಸ್ತಕದ ಮೊದಲ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಪಿಳ್ಳಮ್ಮನ ಹೆಸರು ಬರೆದ. ಅಕ್ಷರ ಸರಿಯೇ ಎಂದು ಚಲಪತಿಯನ್ನು ಕೇಳಿದ. ಚಲಪತಿ ಸರಿ ಎಂದು ತಲೆಯಾಡಿಸಿದ. ಪುಸ್ತಕ ಮತ್ತೆ ಪೆಟ್ಟಿಗೆ ಸೇರಿತು.

ಕೋರಮಂಡಲ್ ಸ್ಟೇಷನ್ನಿನ ಬೆಂಚಿನಲ್ಲಿ ತಾತ ಯಾರೋ ಅಪರಿಚಿತನಿಗೆ ಅದೇ ಸುದ್ದಿ ಹೇಳುತ್ತಿದ್ದರು. ಇಬ್ಬರೂ ಸ್ವಲ್ಪ ದೂರ ನಿಂತರು.

"ಯಾಕಿಂಗೆ ಮಾಡಿದ್ರಿ?" ಎಂದ ಚಲಪತಿ.

"ಈ ವರ್ಷ ಗೆದ್ದಲು ಅಂದಿದ್ರೆ ಬರೋ ವರ್ಷ ಏನನ್ನೋದು?"

"ಇನ್ನೊಂದು ಏನಾದ್ರೂ ಹೇಳ್ತಿದ್ವಿ. ಜೀವ ಇರೋವರ್ಗೂ ಹೇಳ್ಕೊಂಡಿರ್ತಿದ್ದೆ ನಾನು."

"ತಾತ ಇರಬೇಕಲ್ಲ ಕೇಳೋಕೆ. ಸೋತು ಸಾಯ್ತಿದ್ರು, ನಮ್ಮಿಬ್ಬರ ಸಂತೋಷಕ್ಕೆ." ಅವಳು ತಾತನ ಕಡೆ ನೋಡಿದಳು. "ನಂಗೆ ಆಸೆ ಇರಲಿಲ್ಲ ಅಂದ್ಕೋಬೇಡಿ."

"ಕದಿರಾ," ಎಂದ ಅವನು. ಹಾಗೆ ಅವನು ಎಂದೂ ಕರೆದಿರಲಿಲ್ಲ. "ಗಂಡಸೂ ಬೀಸ್ತಾನೆ. ಲಿಂಗೋಜಯ್ಯ ಬರೆದಿದ್ದು ನಂಗೆ ಅರ್ಥ ಆಯ್ತು."

"ನಂಗೂ ಆಯ್ತು," ಎಂದಳು. ರೈಲು ಬಂತು. ಅವನು ತಾತನ ಕೈಹಿಡಿದು ಹತ್ತಿಸಿದ. ತಾನು ಹತ್ತಲಿಲ್ಲ.

ಮಾಘದಲ್ಲಿ ಮಾವನ ಊರಿನಲ್ಲಿ ಮದುವೆಯಾಯಿತು. ತಾತ ಚಪ್ಪರದಡಿ ಕೂತು ಬಂದವರಿಗೆಲ್ಲ ಪಿಳ್ಳಮ್ಮನ ಕಥೆಯನ್ನೇ ಹೇಳುತ್ತಿದ್ದರು. ಚಲಪತಿ ಬರುತ್ತಾನೆಂದು ಕದಿರಮ್ಮ ಎಣಿಸಿರಲಿಲ್ಲ. ಬಂದಿದ್ದ.

"ನೀವು ಯಾರ ಕಡೆಯೋರು ಸ್ವಾಮಿ?" ಎಂದು ಆ ಊರಿನ ಹಿರಿಯರಾದ ಮುನಿನಾರಾಯಣಪ್ಪ ಕೇಳಿದರು.

"ಪಿಳ್ಳಮ್ಮನ ಕಡೆಯೋನು," ಎಂದ ಚಲಪತಿ.

ಸುತ್ತಲಿದ್ದವರು ನಕ್ಕರು. ಮುನಿನಾರಾಯಣಪ್ಪ ಬಿಡಲಿಲ್ಲ. "ಮೇಷ್ಟ್ರ ಮಾತು ನಂಬೋದೆಂಗೆ? ಮೊಮ್ಮಗಳು ಓದಿದ್ಲು ಅಂತಾರೆ, ಇವರು ಕೇಳಿದ್ರು ಅಂತಾರೆ. ಪುಸ್ತಕ ನೋಡಿದ್ರೆ ದೊರೆ ಜತೆ ಸೀಮೆಗೋಯ್ತು. ಬೇರೆ ಯಾರಾದ್ರೂ ಕಣ್ಣಾರೆ ನೋಡವ್ರಾ?"

ತಾತನ ಮುಖ ಪೆಚ್ಚಾಯಿತು. ಹಸೆಯ ಮೇಲಿದ್ದ ಕದಿರಮ್ಮ ತಲೆಯೆತ್ತಿದಳು.

"ನಾನು ನೋಡಿದ್ದೀನಿ," ಎಂದ ಚಲಪತಿ. ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದ. "ಅವರ ಪಕ್ಕದಾಗೇ ನಿಂತಿದ್ದೆ. ಕೊನೇ ಹಾಳೆ ನಾನೂ ಓದಿದ್ದೀನಿ. ಕದಿರಮ್ಮನೋರು ಓದಿದ್ದರಾಗೆ ಒಂದಕ್ಷರ ಸುಳ್ಳಿಲ್ಲ."

ಅವಳು ತಲೆ ತಗ್ಗಿಸಿದಳು. ಬಾಸಿಂಗದ ಭಾರಕ್ಕೆ ಹೀಗಾಯಿತೆಂದುಕೊಂಡು ಮಾವ ಮೆತ್ತಗೆ, "ನೀರು ಬೇಕೇನಮ್ಮಿ?" ಎಂದ.

"ಬ್ಯಾಡ ಮಾವ."

ಓಲಗ ಜೋರಾಯಿತು. ಎಲ್ಲರೂ ಎದ್ದು ನಿಂತರು. ಎಲ್ಲ ಕಡೆಯಿಂದಲೂ ಅಕ್ಷತೆ ಬಂದು ಅವಳ ತಲೆಯ ಮೇಲೆ, ತೋಳಿನ ಮೇಲೆ, ಮಡಿಲಿಗೆ ಬಿತ್ತು. ಅದರಲ್ಲಿ ಚಲಪತಿಯ ಕೈಯದು ಯಾವುದೆಂದು ಗೊತ್ತಾಗುವಂತಿರಲಿಲ್ಲ.